ಅಕ್ಕನಿಗೆ ಬಾರದ ಕಾಗದ

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಹೆಂಗಸಿಗೆ 50 ತುಂಬಿ 53 ಆಗುವುದರೊಳಗೆ ಸರಕಾರಿ ಆರೋಗ್ಯ ಸೇವೆಯಿಂದ ಮನೆಗೊಂದು ಕಾಗದ ಬರುತ್ತದೆ, ಮ್ಯಾಮೊಗ್ರಾಂ, ಅಂದರೆ ಸ್ತನ ಕ್ಯಾನ್ಸರ್ ಇದೆಯೇ ಎಂದು ನೋಡುವ ಎಕ್ಸ್‌ರೇ, ಮಾಡಿಸಿಕೊಳ್ಳಲು ಬನ್ನಿ ಎಂದು. ನಾವು ಕೇಳಿಕೊಳ್ಳಬೇಕಿಲ್ಲ, ದುಡ್ಡು ಕಟ್ಟಬೇಕಿಲ್ಲ. 1988ರಲ್ಲಿ ಶುರುವಾದ ಏರ್ಪಾಡು ಇದು. 71 ಆಗುವವರೆಗೂ ಮೂರು ವರ್ಷಕ್ಕೊಮ್ಮೆ ಕಾಗದ ಬರುತ್ತಲೇ ಇರುತ್ತದೆ.

ನನಗೆ ಬಂದಾಗ 51. ಸೂಪರ್‌ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಲಾರಿಯಷ್ಟು ದೊಡ್ಡ ಗಾಡಿ, ಅದರೊಳಗೇ ಯಂತ್ರ. ಪೌಡರ್, ಡಿಯೋಡರೆಂಟ್ ಹಾಕಿಕೊಂಡು ಬರಬೇಡಿ ಎಂದಿದ್ದರು, ಅದರ ಕಣಗಳು ಚಿತ್ರದಲ್ಲಿ ಚುಕ್ಕೆಯಾಗಿ ಕಾಣಬಹುದಂತೆ. ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಹಿಡಿದು ಒಂದೊಂದು ಕಡೆಗೂ ಎರಡೆರಡು ಎಕ್ಸ್‌ರೇ ತೆಗೆದರು. ಒತ್ತುವಾಗ ನೋವಾಯಿತು, ಆದರೆ ಅದು ಕೆಲವು ಸೆಕೆಂಡುಗಳ ಮಾತು. ತೆಗೆದವಳೂ ಹೆಂಗಸೇ. ಸಂಕೋಚ ಬಟ್ಟೆ ಬಿಚ್ಚುವಾಗ ಇದ್ದಷ್ಟು ಆಮೇಲೆ ಇರಲಿಲ್ಲ.

ಹತ್ತು ದಿನದ ಮೇಲೆ ಇನ್ನೊಂದು ಕಾಗದ: ಮತ್ತೆ ನೋಡಬೇಕು, ಬನ್ನಿ. ಇಲ್ಲಿ ಪರೀಕ್ಷೆಗೆ ಹೋದ 100 ಜನರಲ್ಲಿ ಸುಮಾರು 4 ಜನರನ್ನು ಹೀಗೆ ಕರೆಯುತ್ತಾರೆ, ಆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಈ ಲೆಕ್ಕ ಗೊತ್ತಿದ್ದೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಬೆಳಗಾಗುವುದನ್ನೇ ಕಾದು ಅಕ್ಕನಿಗೆ ಫೋನ್ ಮಾಡಿದೆ.

ಅವಳು ಧೈರ್ಯ ಹೇಳುತ್ತಾಳೆ ಅಂದುಕೊಂಡಿದ್ದೆ. ಆ ಕಡೆ ಮಾತೇ ಇಲ್ಲ. ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಅಂದಳು, "ನಂಗೂ ಎಡಗಡೆ ಒಂದು ಗಂಟಿದೆ ಕಣೇ. ಯುಗಾದಿ ಹೊತ್ತಿಂದ. ನೋವಿಲ್ಲ, ಅದಕ್ಕೆ ಸುಮ್ನಿದ್ದೆ."

ದೀಪಾವಳಿ ಕಳೆದು ವಾರವಾಗಿತ್ತು.

ನನ್ನದು ಬರೀ ನೀರುಗುಳ್ಳೆ ಎಂದು ತಿಳಿದ ಮೂರನೆಯ ದಿನ ವಿಮಾನ ಹತ್ತಿದೆ. ಹನುಮಂತನಗರದ ಅಕ್ಕನ ಮನೆಯ ಬೀರುವಿನಲ್ಲಿ ಒಂದು ಫೈಲು ಇದೆ. ಭಾವನ ಬಿಪಿ, ಅತ್ತೆಯವರ ಕಣ್ಣಿನ ಆಪರೇಷನ್, ಮಗಳ ಥೈರಾಯ್ಡ್, ತನ್ನದೇ ಮೂರು ತಿಂಗಳಿಗೊಮ್ಮೆಯ ಶುಗರ್, ಎಲ್ಲ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾಳೆ. ಇಂಥವಳು ಏಳು ತಿಂಗಳು ಗಂಟನ್ನು ಸೆರಗಿನಡಿ ಇಟ್ಟುಕೊಂಡು ಓಡಾಡಿದ್ದಳು. ಬೈಯಬೇಕೆಂದು ಬಂದವಳಿಗೆ ಆ ಫೈಲು ನೋಡಿ ಬಾಯಿ ಕಟ್ಟಿತು.

ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ತಾಯಿಗೆ 'ಆ ಕಾಯಿಲೆ' ಅಂತ ಗೊತ್ತಾದರೆ ಹುಡುಗನ ಕಡೆಯವರು ಹಿಂದೆ ಸರಿಯುತ್ತಾರೆ. ಸೂಜಿ ಚುಚ್ಚಿದರೆ ಹರಡುತ್ತೆ ಅಂತ ಯಾರೋ ಹೇಳಿದ್ದರು. ಇನ್ನು ಕಿದ್ವಾಯಿ ಎಂಬ ಹೆಸರು. 1973ರಿಂದ ಎಷ್ಟೋ ಬಡವರನ್ನು ಉಳಿಸಿದ ಕ್ಯಾನ್ಸರ್ ಆಸ್ಪತ್ರೆ ಅದು. ಆದರೂ ನಮ್ಮ ಮನೆಗಳಲ್ಲಿ "ಕಿದ್ವಾಯಿಗೆ ಕರ್ಕೊಂಡು ಹೋದ್ರಂತೆ" ಅನ್ನುವುದು ದನಿ ತಗ್ಗಿಸಿಯೇ.

ಇವಕ್ಕೆಲ್ಲ ಉತ್ತರ ಇದೆ. ಈ ಕಾಯಿಲೆ ಹೆತ್ತವರಿಂದ ಮಕ್ಕಳಿಗೆ ವಂಶವಾಹಿಯಾಗಿ ಬರುವುದು ನೂರಕ್ಕೆ ಐದರಿಂದ ಹತ್ತು ಪ್ರಕರಣಗಳಲ್ಲಿ ಮಾತ್ರ. ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆ ಎನ್ನುವುದು ಸುಳ್ಳು ಭಯ. ಆ ಸೂಜಿ ಇಲ್ಲದೆ ಗಂಟು ಕ್ಯಾನ್ಸರೇ ಎಂದು ಖಚಿತವಾಗುವುದಿಲ್ಲ. ಮತ್ತೆ ಆ ನೋವಿನ ವಿಷಯ. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲ ಎಂದೇ ಅಕ್ಕ ಸುಮ್ಮನಿದ್ದಳು, ನಮ್ಮಲ್ಲಿ ಇನ್ನೆಷ್ಟು ಜನ ಹಾಗೇ ಸುಮ್ಮನಿದ್ದಾರೋ ಎಂಬ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಾಕ್ಟರು ಕೈಯಿಂದ ನೋಡಿದರು, ಮ್ಯಾಮೊಗ್ರಾಂ, ಸ್ಕ್ಯಾನಿಂಗ್, ಬಯಾಪ್ಸಿ ಆಯಿತು. ಕ್ಯಾನ್ಸರೇ. ಎರಡನೇ ಹಂತ. ಇಡೀ ಎದೆ ತೆಗೆಯಬೇಕಾಗಲಿಲ್ಲ, ಗಂಟು ಮತ್ತು ಸುತ್ತಲಿನ ಭಾಗ ತೆಗೆದರು, ಆಮೇಲೆ ಕೀಮೋ, ರೇಡಿಯೇಷನ್. ಕೀಮೋ ದಿನಗಳನ್ನು ನಾನು ವಿವರಿಸುವುದಿಲ್ಲ. ಗಂಜಿಯೂ ಸೇರದ ದಿನಗಳಲ್ಲಿ ಭಾವ ಪಕ್ಕದಲ್ಲಿ ಕೂತು ಎಳನೀರನ್ನು ಚಮಚದಲ್ಲಿ ಕುಡಿಸುತ್ತಿದ್ದರು, ಅಷ್ಟು ಸಾಕು.

ಇಂಗ್ಲೆಂಡಿನ ಪದ್ಧತಿಯನ್ನು ಸುಮ್ಮನೆ ಹೊಗಳಿ ಬಿಡಲಾರೆ. ಪ್ರಾಣಕ್ಕೆ ಎಂದೂ ಕುತ್ತು ತರದಂಥ ಕ್ಯಾನ್ಸರನ್ನೂ ಮ್ಯಾಮೊಗ್ರಾಂ ಹಿಡಿಯುತ್ತದೆ, ಬೇಡದ ಚಿಕಿತ್ಸೆಯೂ ನಡೆಯುತ್ತದೆ. ಕಾಗದದ ಜೊತೆ ಬರುವ ಪುಸ್ತಿಕೆಯಲ್ಲೇ ಅದನ್ನು ಬರೆದಿರುತ್ತಾರೆ. ಅಲ್ಲದೆ ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವರಿಗಿಂತ ಹೆಚ್ಚುಕಡಿಮೆ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಚಿಕ್ಕ ವಯಸ್ಸಿನ ಗಟ್ಟಿ ಎದೆಯಲ್ಲಿ ಮ್ಯಾಮೊಗ್ರಾಂಗೆ ಎಲ್ಲವೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಮಾಡಿದ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಸುಮಾರು 1.5 ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಈ ಕ್ಯಾನ್ಸರಿನಿಂದ ಆಗುವ ಸಾವು ಶೇ. 30ರ ಹತ್ತಿರ ಇಳಿದಿತ್ತು. ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ನಿಜ. ಆದರೂ ಬರೀ ಬೆರಳುಗಳಿಂದ ಅಷ್ಟು ಜೀವ!

ಕೇಂದ್ರ ಸರಕಾರದ 2016ರ ಮಾರ್ಗಸೂಚಿಯ ಪ್ರಕಾರ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಗಬೇಕು. ಕಾಗದ ಬರುವುದಿಲ್ಲ, ನಾವೇ ಹೋಗಿ ಕೇಳಬೇಕು. 40 ಆದವರು ಮ್ಯಾಮೊಗ್ರಾಂ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾದರೆ ಅಥವಾ ಒಂದು ಕಡೆ ಗುಳಿ ಬಿದ್ದರೆ, ತೊಟ್ಟು ಒಳಕ್ಕೆ ಎಳೆದುಕೊಂಡರೆ, ಅದರಿಂದ ರಕ್ತ ಒಸರಿದರೆ, ಕಂಕುಳಲ್ಲಿ ಗಡ್ಡೆ ಕಂಡರೆ, ಹಬ್ಬ ಮುಗಿಯಲಿ ಅನ್ನಬೇಡಿ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನನ್ನದೂ ಆಗಿರಲಿಲ್ಲ. ಆದರೆ ಅದು ಗೊತ್ತಾದದ್ದು ತೋರಿಸಿದ್ದರಿಂದ.

ಅಕ್ಕನ ಕೂದಲು ಈಗ ಎರಡು ಬೆರಳು ಬೆಳೆದಿದೆ. ಮಗಳ ಮದುವೆ ನಿಶ್ಚಯವಾಯಿತು. ಅಕ್ಕನೇ ಬೀಗಿತ್ತಿಗೆ ಎಲ್ಲ ಹೇಳಿದಳು. ಕೇಳಿಸಿಕೊಂಡ ಆಕೆ ಸ್ವಲ್ಪ ಹೊತ್ತು ಬಿಟ್ಟು, "ನನ್ನನ್ನೂ ಒಂದು ಸಲ ಕರ್ಕೊಂಡು ಹೋಗ್ತೀರಾ?" ಎಂದರಂತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ತಾರೀಖುಗಳ ಎದುರು ಹೆಸರುಗಳಿವೆ: ಬೀಗಿತ್ತಿ, ನಮ್ಮ ಅತ್ತಿಗೆ, ಎದುರುಮನೆಯವರು, ಪಾತ್ರೆ ತೊಳೆಯಲು ಬರುವಾಕೆ. ನಿನ್ನೆ ಫೋನಿನಲ್ಲಿ ಅಕ್ಕ ಕೇಳಿದಳು, "ನಿಂದು ಮೂರು ವರ್ಷ ಯಾವಾಗ ಆಗುತ್ತೆ ಹೇಳು, ಬರ್ಕೋತೀನಿ."