ಕೇಳಿ ಬರೆಯುವ ಕೆಲಸಕ್ಕೆ ಯಾವ ಹೆಡ್‌ಸೆಟ್ ತಗೊಳ್ಳಲಿ?

"ಅಕ್ಕಾ, ಆಡಿಯೊ ಕೇಳಿ ಟೈಪ್ ಮಾಡೋ ಕೆಲಸ ಸಿಕ್ಕಿದೆ. ಯಾವ ಹೆಡ್‌ಸೆಟ್ ತಗೊಳ್ಳಲಿ?"

ತಿಂಗಳಿಗೆ ಎರಡು ಮೂರು ಸಲವಾದರೂ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಕೇಳುವವರಲ್ಲಿ ಡಿಗ್ರಿ ಮುಗಿಸಿದ ಹುಡುಗಿಯರಿದ್ದಾರೆ. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಮಧ್ಯಾಹ್ನದವರೆಗೆ ಬಿಡುವಿರುವ ತಾಯಂದಿರಿದ್ದಾರೆ. ಇಲ್ಲೇ ಹಾಸನದವರು, ಇಲ್ಲವೇ ಅರಕಲಗೂಡು, ಸಕಲೇಶಪುರದ ಕಡೆಯವರು. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿದರೆ ಹೆಸರು ಮಾತ್ರ ಉಳಿಯುತ್ತದೆ, ಕಾರಣ ಬಿಟ್ಟುಹೋಗುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಉತ್ತರ. ತಂತಿ ಇರುವುದನ್ನೇ ತಗೊಳ್ಳಿ. ಕಿವಿಯನ್ನು ಸುತ್ತ ಮುಚ್ಚುವಂಥದ್ದು ಇರಲಿ. ಬಾಸ್, ಅಂದರೆ ತಗ್ಗಿನ ಧಿಮ್ ಅನ್ನುವ ಸದ್ದು, ಜಾಸ್ತಿ ಇರಬಾರದು. ತಲೆಗೆ ಹಗುರವಾಗಿರಬೇಕು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಾನು ಬಾಸ್ ಬೇಡ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನುವುದಕ್ಕೆ ಒಂದು ಕಥೆ ಇದೆ.

ಗೊರೂರಿನ ಹೇಮಾವತಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು, ಅಲ್ವಾ? ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿ ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಹಾಗೆ ಊರು ಕಳೆದುಕೊಂಡ ಹಿರಿಯರ ಮಾತುಗಳನ್ನು ಒಬ್ಬ ಸಂಶೋಧಕಿ ರೆಕಾರ್ಡ್ ಮಾಡಿ ತಂದಿದ್ದರು. ಬರೆದುಕೊಡುವ ಕೆಲಸ ನನ್ನದು. ಒಬ್ಬ ತಾತ ಹೊಲದ ಹತ್ತಿರ ಕೂತು ಮಾತಾಡಿದ್ದಾರೆ. ಹಿಂದೆ ಪಂಪ್‌ಸೆಟ್ ಓಡುತ್ತಿದೆ. ನನ್ನ ಹಳೆಯ ಹೆಡ್‌ಫೋನ್ ಆಗಷ್ಟೇ ಕೆಟ್ಟಿತ್ತು. ಅಕ್ಕನ ಮಗ ಗೇಮ್ ಆಡಲು ತಂದಿದ್ದ ಹೆಡ್‌ಸೆಟ್ ಹಾಕಿಕೊಂಡು ಕೂತೆ. ತಾತ ಹೇಳಿದ್ದನ್ನು ನಾನು ಹೀಗೆ ಬರೆದೆ: "ನಮ್ಮೂರಲ್ಲಿ ಇಪ್ಪತ್ತು ಮನೆ ಇತ್ತು."

ಎರಡು ದಿನ ಬಿಟ್ಟು ಸಂಶೋಧಕಿ ಫೋನ್ ಮಾಡಿದರು. ಅದೇ ತಾತ ಇನ್ನೊಂದು ಕಡೆ "ನಮ್ ಕೇರೀಲೇ ಮೂವತ್ತು ಮನೆ" ಅಂತ ಹೇಳಿದ್ದಾರೆ. ಊರಿಗೆಲ್ಲ ಇಪ್ಪತ್ತು, ಕೇರಿಗೆ ಮೂವತ್ತು ಹೇಗಾಗುತ್ತದೆ? ಬೇರೆ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ. ಸ್ಪಷ್ಟವಾಗಿ ಎಪ್ಪತ್ತು. ಎಪ್ಪತ್ತು ಮನೆಯ ಊರನ್ನು ನಾನು ಕಾಗದದ ಮೇಲೆ ಇಪ್ಪತ್ತಕ್ಕೆ ಇಳಿಸಿದ್ದೆ. ಒಂದು ಸಲ ನೀರು ನುಂಗಿದ ಐವತ್ತು ಮನೆಗಳು ನನ್ನ ಕೈಯಲ್ಲಿ ಇನ್ನೊಂದು ಸಲ ಹೋಗಿದ್ದವು. ಅವತ್ತು ಮನಸ್ಸಿಗೆ ಬಹಳ ಕಷ್ಟವಾಯಿತು.

ಆಗಿದ್ದು ಏನು? ಇಪ್ಪತ್ತು, ಎಪ್ಪತ್ತು ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಒಂದು ಸ್ವರ ಮಾತ್ರ. ಇ ಮತ್ತು ಎ ಬೇರೆ ಅಂತ ಕಿವಿಗೆ ಗೊತ್ತಾಗುವುದಕ್ಕೆ ಮುಖ್ಯ ಸುಳಿವು ಸುಮಾರು 300ರಿಂದ 500 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ (ಹರ್ಟ್ಸ್ ಅಂದರೆ ಸದ್ದು ಎಷ್ಟು ತಗ್ಗಿನದು, ಎಷ್ಟು ಮೇಲಿನದು ಅನ್ನುವ ಅಳತೆ). ಪಂಪ್‌ಸೆಟ್ಟಿನ ಗುರ್ ಅನ್ನುವ ಸದ್ದು ಇರುವುದು ಅದರ ಕೆಳಗೇ. ಬಾಸ್ ಜಾಸ್ತಿ ಇರುವ ಹೆಡ್‌ಸೆಟ್ ಆ ಗುರ್ ಸದ್ದನ್ನು ಎತ್ತಿ ಹಿಡಿಯುತ್ತದೆ. ತಗ್ಗಿನ ಸದ್ದು ಜೋರಾದರೆ ತನಗಿಂತ ಮೇಲಿನ ಸದ್ದನ್ನು ಮುಚ್ಚಿಬಿಡುತ್ತದೆ. ಇದು ನಮ್ಮ ಕಿವಿಯ ಸ್ವಭಾವವೇ. ಹಾಡಿನಲ್ಲಿ ಎದೆ ಧಿಮ್ ಅನ್ನಿಸುವ ಅದೇ ಗುಣ ಮಾತಿನಲ್ಲಿ ಅಕ್ಷರವನ್ನು ತಿನ್ನುತ್ತದೆ.

ಇನ್ನು ವ್ಯಂಜನಗಳ ವಿಷಯ. ಸ, ಶದಂಥ ಅಕ್ಷರಗಳ ಸದ್ದು ಬಹಳ ಮೇಲಿರುತ್ತದೆ. ಸಕಾರದ ಬಲ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲೆ. ಹ ಅಂದರೆ ಬರೀ ಉಸಿರು, ಮೊದಲೇ ಮೆತ್ತಗೆ. ನಮ್ಮ ಕಡೆಯ ಮಾತಿನಲ್ಲಿ ಇದು ಎಷ್ಟು ಮುಖ್ಯ ಅಂತ ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಹಾಸನವನ್ನು "ಆಸ್ನ" ಅನ್ನುತ್ತಾರೆ, ಹಾಲನ್ನು "ಆಲು" ಅನ್ನುತ್ತಾರೆ. ಡೈರಿಗೆ ಹಾಲು ಹಾಕುವ ಮನೆಯಲ್ಲೇ ಆಲೂಗಡ್ಡೆಯನ್ನೂ ಬೆಳೆಯುತ್ತಾರೆ. "ಆಲು ರೇಟು ಬಿದ್ದೋಯ್ತು" ಅಂದರೆ ಬಿದ್ದದ್ದು ಯಾವುದರ ರೇಟು? ಮುಂದಿನ ಮಾತು ಕೇಳಿದರೆ ಗೊತ್ತಾಗುತ್ತದೆ, ನಿಜ. ಆದರೆ ಆಡಿದ್ದನ್ನು ಆಡಿದ ಹಾಗೇ ಬರೆಯಿರಿ ಅಂತ ಕೇಳುವವರಿಗೆ ಅಷ್ಟು ಸಾಲದು. ಅವರು ಹಕಾರವನ್ನು ಬಿಟ್ಟರಾ, ಇಲ್ಲ ಮೆತ್ತಗೆ ಅಂದರಾ ಅಂತ ನಿಮ್ಮ ಕಿವಿಗೆ ತಿಳಿಯಬೇಕು. ಹಕಾರ ಬಿಟ್ಟದ್ದು ಮಾತಾಡಿದವರು ಆಗಿರಬೇಕೇ ಹೊರತು ನಿಮ್ಮ ಹೆಡ್‌ಸೆಟ್ ಆಗಿರಬಾರದು.

ಹಾಗಂತ ದುಬಾರಿ ಹೆಡ್‌ಫೋನ್ ತಂದರೆ ಎಲ್ಲಾ ಕೇಳುತ್ತದೆ ಅಂತಲೂ ಅಲ್ಲ. ಹಳೇ ರೀತಿಯ ಫೋನ್ ಕರೆಯನ್ನು ರೆಕಾರ್ಡ್ ಮಾಡಿದ ಆಡಿಯೊ ಬಂದರೆ ಅದರಲ್ಲಿ ಇರುವುದೇ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು. ಸಕಾರದ ಬಹುಪಾಲು ಅದರಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾವ ಹೆಡ್‌ಫೋನೂ ತಂದು ಕೊಡುವುದಿಲ್ಲ. ಅಂಥ ಜಾಗದಲ್ಲಿ ಊಹಿಸಿ ಬರೆಯಬೇಡಿ. ಸಮಯ ಗುರುತು ಹಾಕಿ, ಸರಿಯಾಗಿ ಕೇಳಿಸುತ್ತಿಲ್ಲ ಅಂತ ಬರೆಯಿರಿ.

ಈಗ ಬ್ಲೂಟೂತ್. ಎಲ್ಲರೂ ಕೇಳುವುದು ಇದನ್ನೇ. "ಮನೇಲಿ ಇಯರ್‌ಬಡ್ಸ್ ಇದೆ, ಅದರಲ್ಲೇ ಮಾಡಬಹುದಾ?" ಹಾಡು ಕೇಳಲು, ಫೋನಿನಲ್ಲಿ ಮಾತಾಡಲು ಅದು ಚೆನ್ನಾಗಿದೆ. ನಮ್ಮ ಕೆಲಸ ಬೇರೆ ಥರ. ಒಂದು ಗಂಟೆಯ ಆಡಿಯೊಗೆ ನೂರಾರು ಸಲ ನಿಲ್ಲಿಸಿ ಮತ್ತೆ ಓಡಿಸುತ್ತೇವೆ. ಬ್ಲೂಟೂತಿನಲ್ಲಿ ಒತ್ತಿದ್ದಕ್ಕೂ ಕೇಳುವುದಕ್ಕೂ ನಡುವೆ ಸ್ವಲ್ಪ ತಡವಾಗುತ್ತದೆ. ಕೆಲವು ಸೆಟ್‌ಗಳು ಸದ್ದಿಲ್ಲದಾಗ ಸುಮ್ನೆ ಮಲಗಿಬಿಡುತ್ತವೆ, ಮತ್ತೆ ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. "ಮ್ಮಪ್ಪ ಬಂದ್ರು" ಅಂತ ಕೇಳುತ್ತದೆ. ನಮ್ಮಪ್ಪನಾ, ನಿಮ್ಮಪ್ಪನಾ? ಟ್ರಾನ್ಸ್‌ಕ್ರಿಪ್ಷನ್, ಅಂದರೆ ಕೇಳಿ ಬರೆಯುವ ಕೆಲಸದ, ಸಾಫ್ಟ್‌ವೇರ್‌ಗಳಲ್ಲಿ ನಿಲ್ಲಿಸಿದಾಗ ತಾನೇ ಒಂದೆರಡು ಸೆಕೆಂಡ್ ಹಿಂದಕ್ಕೆ ಹೋಗುವ ಸೌಲಭ್ಯ ಇರುತ್ತದೆ. ಎಕ್ಸ್‌ಪ್ರೆಸ್ ಸ್ಕ್ರೈಬ್‌ನಲ್ಲಿ ಇದೆ, ಓಟ್ರಾನ್ಸ್‌ಕ್ರೈಬ್‌ನಲ್ಲೂ ಇದೆ. ಅದರಿಂದ ಸ್ವಲ್ಪ ಅನುಕೂಲ ಆಗುತ್ತದೆ, ಆದರೆ ಆ ತಡ ದಿನವಿಡೀ ಕೈಯನ್ನು ಎಳೆಯುತ್ತಲೇ ಇರುತ್ತದೆ. ಇನ್ನೊಂದು ತೊಂದರೆ ಇದೆ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಆನ್ ಆದರೆ ಸಾಮಾನ್ಯವಾಗಿ ಅದು ಕರೆಯ ಮೋಡ್‌ಗೆ ಹೋಗುತ್ತದೆ. ಆಗ ಕೇಳುವ ಸದ್ದೂ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ತುಂಬಾ ಜನ ಇದನ್ನು ರೆಕಾರ್ಡಿಂಗ್ ಕೆಟ್ಟದ್ದು ಅಂದುಕೊಳ್ಳುತ್ತಾರೆ.

ನಾಯ್ಸ್ ಕ್ಯಾನ್ಸಲಿಂಗ್ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಅದು ತಗ್ಗಿಸುವುದು ನೀವು ಕೂತಿರುವ ಕೋಣೆಯ ಸದ್ದನ್ನು. ಅದರಲ್ಲೂ ಫ್ಯಾನ್, ಬಸ್ಸಿನ ಇಂಜಿನ್ ಥರ ಒಂದೇ ಸಮ ಬರುವ ತಗ್ಗಿನ ಸದ್ದನ್ನು. ರೆಕಾರ್ಡಿಂಗ್ ಒಳಗೆ ಕೂಗುವ ಕೋಳಿ, ಶೀಟಿನ ಮೇಲೆ ಬೀಳುವ ಮಳೆ, ಓಡುವ ಮಿಕ್ಸಿ ಎಲ್ಲಾ ಹಾಗೇ ಇರುತ್ತವೆ. ಡಬ್ಬಿಯ ಮೇಲೆ ಇಎನ್‌ಸಿ ಅಂತ ಬರೆದಿದ್ದರೆ ಅದು ನಿಮ್ಮ ಮೈಕಿಗೆ ಸಂಬಂಧಿಸಿದ್ದು, ನಿಮ್ಮ ಕಿವಿಗೆ ಅಲ್ಲ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಮೈಕ್ ಬೇಕಾ? ಬರೀ ಕೇಳಿ ಟೈಪ್ ಮಾಡುವುದಾದರೆ ಬೇಡವೇ ಬೇಡ, ಹೆಡ್‌ಫೋನ್ ಸಾಕು. ಕೆಲವರು ಆಡಿಯೊ ಕೇಳುತ್ತಾ ತಾವೇ ಅದನ್ನು ನಿಧಾನವಾಗಿ ಹೇಳಿ ವಾಯ್ಸ್ ಟೈಪಿಂಗ್ ಮಾಡುತ್ತಾರೆ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡಕ್ಕೂ ಅದು ಬರುತ್ತದೆ. ಆ ದಾರಿ ಹಿಡಿಯುವವರಿಗೆ ಮಾತ್ರ ಮೈಕ್ ಇರುವ ಯುಎಸ್‌ಬಿ ಹೆಡ್‌ಸೆಟ್ ಒಳ್ಳೆಯದು.

ನಾನು ಈ ಕೆಲಸ ಕಲಿತದ್ದು ಬೆಂಗಳೂರಿನ ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಆಫೀಸಿನಲ್ಲಿ. ಅಲ್ಲಿ ಕೊಡುತ್ತಿದ್ದದ್ದು ಗಲ್ಲದ ಕೆಳಗೆ ನೇತಾಡುವ ಹೆಡ್‌ಸೆಟ್, ನೋಡಲು ಡಾಕ್ಟರ ಸ್ಟೆತಾಸ್ಕೋಪಿನ ಥರ. ಆಡಿಯೊ ಓಡಿಸಲು, ನಿಲ್ಲಿಸಲು ಕಾಲಿನ ಹತ್ತಿರ ಹಾರ್ಮೋನಿಯಂ ತಿದಿಯಂಥ ಪೆಡಲ್. ಆ ಹೆಡ್‌ಸೆಟ್ಟಿನಲ್ಲಿ ನನಗೆ ಇಷ್ಟವಾದದ್ದು ಒಂದಿತ್ತು. ತಲೆಯ ಮೇಲೆ ಏನೂ ಕೂರುತ್ತಿರಲಿಲ್ಲ. ಬೆಳಿಗ್ಗೆ ಮುಡಿದ ಮಲ್ಲಿಗೆ ಸಂಜೆಯವರೆಗೂ ನಲುಗದೆ ಇರುತ್ತಿತ್ತು, ಜಡೆ ಎಳೆಯುತ್ತಿರಲಿಲ್ಲ. ಮಾತಿಗೆ ಅಂತಲೇ ಮಾಡಿದ್ದರಿಂದ ಬಾಸ್ ಕಾಟವೂ ಇರಲಿಲ್ಲ. ಆದರೆ ಕಿವಿಯ ತೂತಿಗೆ ಒತ್ತುವ ಆ ಚಿಕ್ಕ ಗುಂಡುಗಳು ಮೂರು ಗಂಟೆಯ ಮೇಲೆ ನೋಯುತ್ತವೆ, ಹೊರಗಿನ ಸದ್ದನ್ನೂ ಅಷ್ಟಾಗಿ ತಡೆಯುವುದಿಲ್ಲ. ಅಂಥವು ಈಗಲೂ ಸಿಗುತ್ತವೆ. ನಿಶ್ಶಬ್ದವಾದ ಕೋಣೆ ಇದ್ದು, ದಿನಕ್ಕೆ ಎರಡು ಗಂಟೆ ಕೆಲಸವಾದರೆ ಅದೂ ಆಗುತ್ತದೆ.

ನಮ್ಮ ಮನೆಗಳಲ್ಲಿ ನಿಶ್ಶಬ್ದ ಎಲ್ಲಿ ಸಿಗುತ್ತದೆ? ಕುಕ್ಕರ್ ಕೂಗುತ್ತದೆ, ತರಕಾರಿ ಗಾಡಿ ಬರುತ್ತದೆ, ಪಕ್ಕದ ಮನೆಯ ಟಿವಿ ಓಡುತ್ತಿರುತ್ತದೆ. ಹೊರಗಿನ ಸದ್ದು ಜಾಸ್ತಿಯಾದಷ್ಟೂ ನಾವು ವಾಲ್ಯೂಮ್ ಏರಿಸುತ್ತೇವೆ. ಕಿವಿ ಹಾಳಾಗುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ), ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿಸಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ, 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಈ ಕೆಲಸ ದಿನಕ್ಕೆ ಆರು ಗಂಟೆ ಮಾಡುವವರು ಲೆಕ್ಕ ಹಾಕಿ ನೋಡಿ. ಕಿವಿ ಸುತ್ತ ಮುಚ್ಚುವ ಹೆಡ್‌ಫೋನ್ ತಗೊಳ್ಳಿ ಅನ್ನುವುದು ಇದಕ್ಕೇ. ಹೊರಗಿನದ್ದು ತಗ್ಗಿದರೆ ಒಳಗಿನದ್ದನ್ನು ಏರಿಸಬೇಕಿಲ್ಲ. ಒಂದು ಮಾತು ಅರ್ಥವಾಗದಿದ್ದರೆ ವಾಲ್ಯೂಮ್ ಏರಿಸಬೇಡಿ, ವೇಗ ಇಳಿಸಿ. ಮುಕ್ಕಾಲು ವೇಗದಲ್ಲಿ ಕೇಳಿದರೆ ಎಷ್ಟೋ ಪದ ತಾನಾಗೇ ಬಿಡಿಸಿಕೊಳ್ಳುತ್ತದೆ.

ಭಾರ 250 ಗ್ರಾಂ ಒಳಗಿರಲಿ. ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷೆ ಮಾಡಿ, ಕನ್ನಡಕದ ಕಡ್ಡಿಯ ಮೇಲೆ ಹೆಡ್‌ಫೋನಿನ ಕಿವಿಯ ದಿಂಬು ಒತ್ತಿದರೆ ಒಂದು ಗಂಟೆಗೆ ತಲೆನೋವು ಶುರುವಾಗುತ್ತದೆ. ದಿಂಬು ಬದಲಾಯಿಸುವಂತಿರಬೇಕು. ಸಕಲೇಶಪುರದ ನನ್ನ ಗೆಳತಿಗೆ ಪ್ರತಿ ಮಳೆಗಾಲದಲ್ಲೂ ದಿಂಬಿಗೆ ಬೂಷ್ಟು ಬರುತ್ತದೆ. ಅವಳು ಕೆಲಸ ಮುಗಿದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡುತ್ತಾಳೆ. ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಅಂತ ಬರೆದಿರುವ ಜಾಗ ನೋಡಿ. 32ರಿಂದ 64ರವರೆಗೆ ಇದ್ದರೆ ಲ್ಯಾಪ್‌ಟಾಪಿಗೆ ಸರಿಹೋಗುತ್ತದೆ. 250 ಓಮ್‌ನದು ತಂದರೆ ಸದ್ದು ಸಣ್ಣಗೆ ಬರುತ್ತದೆ, ಬೇರೆ ಆಂಪ್ಲಿಫೈಯರ್ ಬೇಕಾಗುತ್ತದೆ.

ಹೆಸರು ಹೇಳಲೇಬೇಕು ಅನ್ನುವವರಿಗೆ ಎರಡು ಹೆಸರು. ಸೋನಿಯ ಎಂಡಿಆರ್-7506 1991ರಲ್ಲಿ ಬಂದದ್ದು. ಸ್ಟುಡಿಯೊಗಳಲ್ಲಿ ಇವತ್ತಿಗೂ ಬಳಸುತ್ತಾರೆ. 63 ಓಮ್, ಸುಮಾರು 230 ಗ್ರಾಂ. ಮೇಲಿನ ಸದ್ದು ಸ್ವಲ್ಪ ಮುಂದೆ ಬರುತ್ತದೆ, ಹಾಡಿಗೆ ಕೆಲವರಿಗೆ ಚುಚ್ಚಬಹುದು, ಮಾತಿಗೆ ಅದೇ ಅನುಕೂಲ. ಬೆಲೆ ಜಾಸ್ತಿ ಅನ್ನಿಸಿದರೆ ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ನೋಡಿ, 47 ಓಮ್, ಇನ್ನೂ ಹಗುರ. ಹೊಸದಾಗಿ ಶುರುಮಾಡುವವರು ಮೊದಲ ಎರಡು ತಿಂಗಳ ಸಂಬಳ ಬರುವವರೆಗೆ ಇಷ್ಟೂ ಖರ್ಚು ಮಾಡಬೇಕಿಲ್ಲ. ಕಡಿಮೆ ಬೆಲೆಯ ತಂತಿ ಹೆಡ್‌ಫೋನಿನಲ್ಲೂ ಮಾತಿಗೆ ಒಳ್ಳೆಯವು ಇವೆ. ಹುಡುಕಬೇಕು ಅಷ್ಟೇ.

ಒಂದೇ ಕಿವಿಯಲ್ಲಿ ಸದ್ದು ಬಂದರೆ ಹೆಡ್‌ಸೆಟ್ ಹೋಯಿತು ಅಂತ ಗಾಬರಿ ಬೇಡ. ಕೆಲವು ರೆಕಾರ್ಡಿಂಗ್‌ಗಳು ಒಂದೇ ಚಾನೆಲ್‌ನಲ್ಲಿ ಇರುತ್ತವೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಮೊನೊ ಆಡಿಯೊ ಆನ್ ಮಾಡಿ, ಎರಡೂ ಕಡೆ ಬರುತ್ತದೆ.

ಅಂಗಡಿಗೆ ಹೋದಾಗ ಅವರು ಹಾಡು ಹಾಕಿ ತೋರಿಸುತ್ತಾರೆ. ಬೇಡ ಅನ್ನಿ. ನಿಮ್ಮದೇ ಆಡಿಯೊ ಒಯ್ಯಿರಿ. ಕೆಲಸಕ್ಕೆ ಬಂದ ರೆಕಾರ್ಡಿಂಗ್ ಮಾತ್ರ ಬೇಡ, ಅದು ಬೇರೆಯವರ ಮಾತು, ನಮ್ಮನ್ನು ನಂಬಿ ಕೊಟ್ಟಿರುವುದು. ಮನೆಯಲ್ಲೇ ಒಂದು ಮಾಡಿಕೊಳ್ಳಿ.

ನಾನು ಅಮ್ಮನನ್ನು ಕೂರಿಸಿಕೊಂಡು ಮಾಡಿದೆ. ಫೋನನ್ನು ಅಡಿಗೆಮನೆ ಕಟ್ಟೆಯ ಮೇಲಿಟ್ಟು, ಮಿಕ್ಸಿ ಹಾಕಿ, ರಸ್ತೆ ಕಡೆಯ ಬಾಗಿಲು ತೆಗೆದೆ. ಅರಕಲಗೂಡಿನ ಹತ್ತಿರದ ತನ್ನ ತವರಿನ ಬಗ್ಗೆ ಎರಡು ನಿಮಿಷ ಮಾತಾಡು ಅಂದೆ. ಅಮ್ಮ ಆಲೂಗಡ್ಡೆ ಬಿತ್ತನೆ ಬಗ್ಗೆ ಹೇಳಿದಳು. ಎಷ್ಟು ಮೂಟೆ ಬಿತ್ತಿದರು, ಎಷ್ಟು ಜನ ಆಳು ಬಂದರು, ಯಾರ ಮನೆಯ ಎತ್ತು ತಂದರು, ಎಲ್ಲಾ. ಆ ಫೈಲ್ ತಗೊಂಡು ಅಂಗಡಿಗೆ ಹೋಗಿ, ಮೂರು ಹೆಡ್‌ಫೋನ್ ಹಾಕಿ ಮೂರು ಸಲ ಬರೆದುಕೊಂಡೆ. ಮೊದಲನೆಯದರಲ್ಲಿ ಎಂಟು ಮೂಟೆ, ಎರಡನೆಯದರಲ್ಲಿ ಏಳು ಮೂಟೆ, ಮೂರನೆಯದರಲ್ಲಿ ಮತ್ತೆ ಏಳು. ಮೂರನೆಯದರಲ್ಲಿ ಮಾತ್ರ ಆಮೇಲಿನ ಸಣ್ಣ ಮಾತೊಂದು ಕೇಳಿಸಿತು: "ಒಂದು ಕೊಳ್ತೋಗಿತ್ತು."

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಹೂಂ ಕಣೇ, ತಂದಿದ್ದು ಏಳು, ಒಂದು ಕೊಳೆತಿತ್ತು, ಬಿತ್ತಿದ್ದು ಆರೇ" ಅಂದಳು. ಮೂರನೆಯದಕ್ಕೆ ಬಿಲ್ ಮಾಡಿಸಿದೆ. ನಾಲ್ಕು ವರ್ಷದಿಂದ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ, ದಿಂಬು ಎರಡು ಸಲ ಬದಲಾಯಿಸಿದ್ದೇನೆ.