ಪೊರಕೆ ಯಾರ ಕೈಗೆ

ನಾನು ಚಿಕ್ಕಮಗಳೂರಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಗ, ಆಷಾಢದ ಮಳೆ ಹಿಡಿದಿದ್ದ ಒಂದು ಶನಿವಾರ ನಮ್ಮ ಕನ್ನಡ ಮೇಷ್ಟ್ರು ಪಾತ್ರಗಳನ್ನು ಹಂಚಿ, ಕುವೆಂಪು ಅವರ ‘ಜಲಗಾರ’ ನಾಟಕವನ್ನು ತರಗತಿಯಲ್ಲೇ ಓದಿಸಿದರು. 1928ರಲ್ಲಿ, ಕವಿಗೆ 25 ತುಂಬುವ ಮೊದಲೇ ಪ್ರಕಟವಾದ ಪುಟ್ಟ ನಾಟಕವದು. ಕವಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂಬುದನ್ನು ಮೇಷ್ಟ್ರು ವರ್ಷಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಿದ್ದರು.

ಜಲಗಾರನೆಂದರೆ ಬೀದಿ ಗುಡಿಸುವವನು. ಆ ಪಾತ್ರ ಯಾರು ಓದುತ್ತೀರಿ ಎಂದು ಕೇಳಿದ್ದೇ ತಡ, ಮುಂದಿನ ಸಾಲಿನ ನಾಲ್ಕಾರು ಮಂದಿ ಹಿಂತಿರುಗಿ ಕೊನೆಯ ಬೆಂಚಿನ ಗೆಳೆಯನನ್ನು ನೋಡಿ ನಕ್ಕರು. ಅವನ ತಂದೆ ಬೆಳಕು ಹರಿಯುವ ಮುನ್ನ ಎಂ.ಜಿ. ರಸ್ತೆ ಗುಡಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ನಾನು ನಗಲಿಲ್ಲವೆಂದು ಬರೆದರೆ ಸುಳ್ಳಾದೀತು. ಅವನು ಎದ್ದು ನಿಂತು, ‘ನಾನು ಶಿವ ಓದ್ತೀನಿ ಸಾರ್’ ಎಂದ. ಮೇಷ್ಟ್ರು ಒಪ್ಪಿದರು, ಜಲಗಾರನ ಪಾತ್ರ ನನ್ನ ಪಾಲಿಗೆ ಬಂತು.

ಗುಡಿಗೆ ಹೊರಟವರ ಮಾತುಗಳು ಮುಗಿದು, ಬೀದಿಯಲ್ಲಿಯೇ ತನ್ನ ಶಿವನನ್ನು ಕಾಣುವ ಜಲಗಾರನ ಮಾತುಗಳನ್ನು ನಾನು ಸಾಧ್ಯವಾದಷ್ಟು ಗದ್ಗದವಾಗಿ ಓದಿದೆ. ಕೊನೆಗೆ ಶಿವನ ಸರದಿ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಮಳೆಯ ಸದ್ದನ್ನು ಮೀರಿಸುವಂತೆ ಓದುತ್ತಿದ್ದ ಗೆಳೆಯ, ಶಿವನೂ ಜಲಗಾರನ ವೇಷದಲ್ಲೇ ಬಂದು, ತಾನು ಜಗತ್ತಿನ ಜಲಗಾರನೆಂದು ಹೇಳಿಕೊಳ್ಳುವ ಜಾಗಕ್ಕೆ ಬಂದು ತಟ್ಟನೆ ನಿಂತ. ಬೆರಳು ಅಲ್ಲೇ ಇತ್ತು. ‘ಸಾರ್, ಇಲ್ಲೂ ಪೊರಕೆ ನನ್ನ ಕೈಗೇ ಬಂತಲ್ಲ’ ಎಂದ. ಈ ಸಲ ಯಾರೂ ನಗಲಿಲ್ಲ.

ಮೇಷ್ಟ್ರು ಪುಸ್ತಕದ ನಡುವೆ ಸೀಮೆಸುಣ್ಣದ ತುಂಡನ್ನಿಟ್ಟು ಮುಚ್ಚಿ, ಉಳಿದ ಅವಧಿಯನ್ನೆಲ್ಲ ಆ ಕಾಲದ ವಿಚಾರ ಹೇಳುವುದರಲ್ಲಿ ಕಳೆದರು. ದೇವಸ್ಥಾನದ ಸುತ್ತಲಿನ ದಾರಿಯಲ್ಲಿ ನಡೆದಾಡುವ ಹಕ್ಕಿಗಾಗಿ 1924ರಲ್ಲಿ ವೈಕಂನಲ್ಲಿ ನಡೆದ ಸತ್ಯಾಗ್ರಹ, ಕೆರೆಯ ನೀರು ಮುಟ್ಟುವುದಕ್ಕಾಗಿ 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ನಡೆಸಿದ ಹೋರಾಟ, ಇವೆಲ್ಲ ನಾನು ಮೊದಲು ಕೇಳಿದ್ದು ಅಂದೇ. ಅಂಥ ಕಾಲದಲ್ಲಿ ಶಿವನನ್ನು ಗುಡಿಯಿಂದ ಬೀದಿಗಿಳಿಸಿ ಅವನ ಕೈಗೆ ಪೊರಕೆ ಕೊಡುವುದು ಸಣ್ಣ ಧೈರ್ಯವಲ್ಲವೆಂದು ಅವರು ಹೇಳಿದ್ದು ನಿಜವೇ. ಆದರೆ ಅದು ಗೆಳೆಯನ ಮಾತಿಗೆ ಉತ್ತರವಾಗಿರಲಿಲ್ಲ. ಪ್ರಾಯಶಃ ಅವರಿಗೂ ಅದು ತಿಳಿದಿತ್ತು.

ನಾಟಕ ನನಗೆ ಇಂದಿಗೂ ಇಷ್ಟ. ಗುಡಿಯೊಳಗಿನವರ ಭಕ್ತಿಯನ್ನು ಅಷ್ಟು ಕಡಿಮೆ ಪುಟಗಳಲ್ಲಿ ಬಯಲಿಗೆಳೆದ ಬೇರೆ ನಾಟಕವನ್ನು ನಾನು ಓದಿಲ್ಲ. ಆದರೂ ಶಿವ ಪ್ರತ್ಯಕ್ಷನಾಗುವ ಭಾಗಕ್ಕೆ ಬಂದಾಗಲೆಲ್ಲ, ಮರುದಿನ ಬೆಳಿಗ್ಗೆ ಆ ಬೀದಿಯನ್ನು ಗುಡಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಜಲಗಾರನಿಗಾದ ಶಿವದರ್ಶನವನ್ನು ವಿವರಿಸಲು ಕೇಳಿದ್ದರು. ಕಾಯಕದ ಹಿರಿಮೆಯ ಬಗ್ಗೆ ಒಂದೂವರೆ ಪುಟ ಬರೆದ ನನಗೆ 4ಕ್ಕೆ 4 ಅಂಕ ಬಂತು. ಗೆಳೆಯನ ಮಾತನ್ನು ನಾನು ಅದರಲ್ಲಿ ಬರೆದಿರಲಿಲ್ಲ.