ಅಷ್ಟು ಚಿಕ್ಕ ಮಗುವಿಗೆ ಈಗಲೇ ಆಪರೇಷನ್ ಬೇಕಿತ್ತೇ?

ನಮ್ಮ ಎರಡೂವರೆ ವರ್ಷದ ಮಗನಿಗೆ ಹಾಸನದಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿದ ವಿಷಯ ತಿಳಿದವರು, ಮದುವೆಮನೆಯಲ್ಲಿ ಸಿಕ್ಕರೂ ಸರಿ, ತರಕಾರಿ ಅಂಗಡಿಯ ಮುಂದೆ ಸಿಕ್ಕರೂ ಸರಿ, ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಚಿಕ್ಕ ಮಗುವಿಗೆ ಈಗಲೇ ಬೇಕಿತ್ತಾ? ಸ್ವಲ್ಪ ದೊಡ್ಡವನಾಗಲಿ ಅಂತ ಬಿಡಬಹುದಿತ್ತಲ್ಲ?" ಕೇಳುವವರಲ್ಲಿ ಕೆಲವರ ಮನೆಯಲ್ಲೂ ಇದೇ ತೊಂದರೆಯ ಮಕ್ಕಳಿರುವುದರಿಂದ ಉತ್ತರವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಬೇಕಿತ್ತು. ಈ ತೊಂದರೆಯಲ್ಲಿ ಕಾಯುವುದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ಲಾಭವೇನೂ ಇಲ್ಲ.

ಮಗನಿಗೆ ಬಲ ತೊಡೆಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬೊಂದು ಅತ್ತಾಗ, ಮುಕ್ಕಿದಾಗ ಕಾಣಿಸಿಕೊಂಡು, ಮಲಗಿದರೆ ಮಾಯವಾಗುತ್ತಿತ್ತು. ಗಂಡುಮಗು ಬಸಿರಿನಲ್ಲಿರುವಾಗ ವೃಷಣಗಳು ಮೊದಲು ಹೊಟ್ಟೆಯೊಳಗೇ ಬೆಳೆದು ಹೆರಿಗೆಗೆ ಮುನ್ನ ಕೆಳಗಿಳಿಯುತ್ತವೆ. ಅವುಗಳ ಜೊತೆಯಲ್ಲೇ ಹೊಟ್ಟೆಯ ಒಳಪೊರೆಯ ಚಿಕ್ಕ ಚೀಲವೊಂದು ಇಳಿದು ಬರುತ್ತದೆ, ಆಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೆ ಉಳಿದರೆ ಅದೇ ದಾರಿಯಲ್ಲಿ ಕರುಳು ಇಳಿಯುತ್ತದೆ, ಅದೇ ಹರ್ನಿಯಾ. ಬಲಗಡೆಯ ವೃಷಣ ತಡವಾಗಿ ಇಳಿಯುವುದರಿಂದ ಬಲಗಡೆಯ ಹರ್ನಿಯಾವೇ ಹೆಚ್ಚು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಹೆಚ್ಚು. ಅಳು ಅದನ್ನು ತೋರಿಸಿಕೊಡುತ್ತದೆ, ಹುಟ್ಟಿಸುವುದಿಲ್ಲ. ಮಗುವನ್ನು ಅಳಲು ಬಿಟ್ಟದ್ದಕ್ಕೇ ಹೀಗಾಯಿತು ಎಂದು ನನಗೆ ಬುದ್ಧಿ ಹೇಳಿದವರಿಗೂ ಇದೇ ಉತ್ತರ.

ಗೊಂದಲ ಹುಟ್ಟುವುದು ಹೊಕ್ಕುಳಿನ ಹರ್ನಿಯಾದಿಂದ. ಹೊಕ್ಕುಳು ಉಬ್ಬಿದ ಮಕ್ಕಳನ್ನು ಎಲ್ಲರೂ ನೋಡಿದ್ದಾರೆ. ಅದು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ. ನಾಣ್ಯ ಇಟ್ಟು ಬಟ್ಟೆ ಕಟ್ಟಿದ್ದರಿಂದ ಹೋಯಿತು ಎಂದು ಹಿರಿಯರು ನಂಬಿರುವುದು ಈ ಕಾರಣಕ್ಕೆ, ಕಟ್ಟದಿದ್ದರೂ ಹೋಗುತ್ತಿತ್ತು. ತೊಡೆಸಂದಿನದು ಹಾಗಲ್ಲ, ಅದು ತಾನಾಗಿ ವಾಸಿಯಾಗುವುದಿಲ್ಲ. ಪಟ್ಟಿ ಕಟ್ಟಿದರೂ ಆಗದು, ಎಣ್ಣೆ ಹಚ್ಚಿದರೂ ಆಗದು.

ನಮ್ಮ ಅತ್ತೆಯವರು ಬೇಡ ಎನ್ನಲಿಲ್ಲ, ಸ್ವಲ್ಪ ತಡೆಯಿರಿ ಎಂದರು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯಲಿ, ಮಗುವಿಗೆ ದರ್ಶನ ಮಾಡಿಸಿ ಆಮೇಲೆ ಮಾಡಿಸೋಣ ಎಂಬುದು ಅವರ ಆಸೆ. ನಾವು ಡಾಕ್ಟರಿಗೆ ತೋರಿಸಿದ್ದು ಬೇಸಿಗೆಯ ಕೊನೆಯಲ್ಲಿ. ಅಷ್ಟು ತಿಂಗಳು ಕಾಯುವಲ್ಲಿ ಇದ್ದ ಭಯ ಒಂದೇ: ಇಳಿದ ಕರುಳು ಒಮ್ಮೆ ಸಿಕ್ಕಿಹಾಕಿಕೊಂಡರೆ ಉಬ್ಬು ಗಟ್ಟಿಯಾಗಿ ಕೆಂಪೇರುತ್ತದೆ, ಮಗು ಸಮಾಧಾನವಿಲ್ಲದೆ ಅಳುತ್ತದೆ, ವಾಂತಿ ಶುರುವಾಗುತ್ತದೆ, ಮತ್ತು ಕೆಲವೇ ಗಂಟೆಗಳಲ್ಲಿ ಕರುಳಿಗೆ ರಕ್ತ ಹರಿಯುವುದು ನಿಂತುಹೋಗಬಹುದು. ವೃಷಣಕ್ಕೂ ಪೆಟ್ಟಾಗಬಹುದು. ಅತ್ತೆಯವರ ತೋಟದ ಮನೆ ಸಕಲೇಶಪುರದ ಆಚೆ. ಮಳೆಗಾಲದ ನಡುರಾತ್ರಿ ಅಲ್ಲಿಂದ ಮಗುವನ್ನು ಎತ್ತಿಕೊಂಡು ಹಾಸನಕ್ಕೆ ಓಡುವುದನ್ನು ಊಹಿಸಿಕೊಳ್ಳಿ ಎಂದು ನಮ್ಮ ಯಜಮಾನರು ಹೇಳಿದ ಮೇಲೆ ಅವರೂ ಒಪ್ಪಿದರು.

ಆದರೆ ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ನಿಜವಾಗಿ ಇರುವುದು ಕತ್ತರಿಯ ಭಯವಲ್ಲ, ಅರಿವಳಿಕೆಯ ಭಯ. ಮಗುವಿಗೆ ಮತ್ತು ಬರಿಸಿದರೆ ಬುದ್ಧಿ ಮಂದವಾಗುತ್ತದಂತೆ ಎಂದು ನನಗೂ ಹೇಳಿದ್ದರು. ಇದು ಪೂರ್ತಿ ಕಟ್ಟುಕತೆಯಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಒಂದೇ ಸಲ, ಸ್ವಲ್ಪ ಹೊತ್ತು ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ, ಅದೂ ಹರ್ನಿಯಾ ಆಪರೇಷನ್ ಆದ ಮಕ್ಕಳಲ್ಲೇ. ಏಳು ದೇಶಗಳ 722 ಹಸುಗೂಸುಗಳಲ್ಲಿ ಕೆಲವರಿಗೆ ಪೂರ್ಣ ಅರಿವಳಿಕೆ, ಉಳಿದವರಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಐದು ವರ್ಷದವರಾದಾಗ ಬುದ್ಧಿಮಟ್ಟ ಅಳೆದರೆ ವ್ಯತ್ಯಾಸ ಕಾಣಲಿಲ್ಲ. ಅದರ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್‌ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಮಕ್ಕಳಿಗೆ ಕೊಟ್ಟ ಪೂರ್ಣ ಅರಿವಳಿಕೆ ಸುಮಾರು ಒಂದು ಗಂಟೆಯದು. ಇನ್ನೊಂದು ಅಧ್ಯಯನದಲ್ಲಿ ಒಡಹುಟ್ಟಿದವರನ್ನೇ ಹೋಲಿಸಿದ್ದಾರೆ, ಅಲ್ಲಿಯೂ ವ್ಯತ್ಯಾಸವಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ತಿಳಿದು ಹಾಕಿದ ಸಹಿ ಅದು.

ಬೆಂಗಳೂರಿಗೆ ಏಕೆ ಹೋಗಲಿಲ್ಲ ಎಂಬುದೂ ಕೇಳಿಬರುತ್ತದೆ. ಮಕ್ಕಳ ಶಸ್ತ್ರಚಿಕಿತ್ಸಕರು, ಮಕ್ಕಳಿಗೇ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ವೈದ್ಯರು ಇಬ್ಬರೂ ಇಲ್ಲೇ ಸಿಕ್ಕರು, ಅಷ್ಟು ಸಾಕಿತ್ತು. ಅರಿವಳಿಕೆ ವೈದ್ಯರ ಮೇಲೆ ನನಗೆ ನಂಬಿಕೆ ಬಂದದ್ದು ಅವರು ಮೊದಲ ಸಲ ಆಗದು ಎಂದಾಗ. ಮಗನಿಗೆ ಮೂಗು ಸೋರುತ್ತಿತ್ತು, ಕೆಮ್ಮೂ ಇತ್ತು. ನೆಗಡಿಯಾದ ಮಗುವಿನ ಶ್ವಾಸನಾಳ ಅರಿವಳಿಕೆಯಲ್ಲಿ ಸುಲಭವಾಗಿ ಬಿಗಿದುಕೊಳ್ಳುತ್ತದೆ ಎಂದು ಹೇಳಿ, ಕೆಲವು ವಾರ ಬಿಟ್ಟು ಕರೆತರಲು ತಿಳಿಸಿದರು. ಜೊತೆಗೆ ಬಂದಿದ್ದ ನೆಂಟರು "ಬರೀ ನೆಗಡಿಗೆ ಇಷ್ಟು ದೊಡ್ಡದು ಮಾಡ್ತಾರೆ" ಎಂದು ಗೊಣಗಿದರು. ಹಾಗೆ ವಾಪಸು ಕಳಿಸುವ ವೈದ್ಯರನ್ನೇ ಹುಡುಕಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಅಮ್ಮನಾಗಿ ನನಗೆ ಕಷ್ಟವಾದದ್ದು ಉಪವಾಸ. ಗಟ್ಟಿ ಆಹಾರ ಮತ್ತು ಹಸುವಿನ ಹಾಲು ಆರು ಗಂಟೆ ಮೊದಲು, ಬರೀ ನೀರು ಎರಡು ಗಂಟೆ ಮೊದಲು ನಿಲ್ಲಬೇಕು. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದೆಂಬುದು ಕಾರಣ. ನಸುಕಿನಲ್ಲಿ ಎದ್ದು ಹಾಲು ಕೇಳುವ ಮಗುವಿಗೆ ಇದನ್ನು ವಿವರಿಸಲಾಗುವುದಿಲ್ಲ. ಕನಿಕರಪಟ್ಟು ಯಾರೋ ಅರ್ಧ ಬಿಸ್ಕತ್ತು ಕೊಡುವ ಸಾಧ್ಯತೆ ಇರುವುದರಿಂದ, ಅಂದು ಮನೆಯಲ್ಲಿ ಆದಷ್ಟು ಕಡಿಮೆ ಜನ ಇರಲಿ.

ಆಪರೇಷನ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ತೊಡೆಸಂದಿನ ಮಡಿಕೆಯಲ್ಲಿ ಚಿಕ್ಕ ಗಾಯ, ಚೀಲವನ್ನು ಬುಡದಲ್ಲಿ ಕಟ್ಟುವುದು, ತಾನೇ ಕರಗುವ ಹೊಲಿಗೆ. ದೊಡ್ಡವರಿಗೆ ಆ ಜಾಗದ ಬಲಕ್ಕೆಂದು ಒಳಗೆ ಇಡುವ ಜಾಲರಿಯನ್ನು ಮಕ್ಕಳಿಗೆ ಇಡುವುದಿಲ್ಲ. ಎಚ್ಚರವಾಗುವ ಹೊತ್ತಿನ ಬಗ್ಗೆ ಮಾತ್ರ ಮೊದಲೇ ತಿಳಿದಿರಬೇಕು. ಮಗ ಕಣ್ಣು ಬಿಟ್ಟವನೇ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚಿದ, ಕೈಗೆ ಹಾಕಿದ್ದ ಡ್ರಿಪ್ಪಿನ ಪಟ್ಟಿಯನ್ನು ಕಿತ್ತುಹಾಕಲು ನೋಡಿದ, "ಅಮ್ಮ ಬೇಕು" ಎಂದು ನನ್ನ ಮುಖ ನೋಡುತ್ತಲೇ ನನ್ನನ್ನು ತಳ್ಳಿದ. ಇದು ನೋವಲ್ಲ, ಅರಿವಳಿಕೆ ಇಳಿಯುವಾಗಿನ ಗಲಿಬಿಲಿ, ಈ ವಯಸ್ಸಿನಲ್ಲಿ ಸಾಮಾನ್ಯ ಎಂದು ನರ್ಸಮ್ಮ ಹೇಳಿದರು. ಅರ್ಧ ಗಂಟೆಯಲ್ಲಿ ಅದು ಇಳಿಯಿತು, ಅವನು ನನ್ನ ಸೆರಗು ಹಿಡಿದು ಮಲಗಿದ. ಸಂಜೆಗೆ ಮನೆಗೆ ಕಳಿಸಿದರು. ಮರುದಿನ ಅವನನ್ನು ಓಡದಂತೆ ತಡೆಯುವುದೇ ನಮ್ಮ ಕೆಲಸವಾಯಿತು.

ಈಗ ಎಡಗಡೆ ಬರುವುದಿಲ್ಲವೇ ಎಂದೂ ಕೇಳುತ್ತಾರೆ. ನೂರರಲ್ಲಿ ಸುಮಾರು ಏಳು ಮಕ್ಕಳಿಗೆ ಮುಂದೆ ಇನ್ನೊಂದು ಕಡೆಯೂ ಬರುತ್ತದೆ. ಬಂದರೆ ಅದನ್ನೂ ಹೀಗೆಯೇ, ಕಾಯದೆ ಮಾಡಿಸುತ್ತೇವೆ.